ಯಾವ ಸಂಕಟ ಸುದ್ದಿಯಾಗುತ್ತದೆ, ಯಾವುದು ಆಗುವುದಿಲ್ಲ

(ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೀಠಿಕೆ ಹಾಕದೆ ಎರಡು ಬ್ಯಾಂಕ್ ಬಿಕ್ಕಟ್ಟುಗಳ ಕತೆ ಹೇಳಿಬಿಡುತ್ತೇನೆ. ಒಂದು ಅಮೆರಿಕದ್ದು, 1980ರ ದಶಕದ ಕೊನೆಯದು. ಇನ್ನೊಂದು ಬ್ರಿಟನ್ನಿನದು, 2007ರದು.

ಅಮೆರಿಕದಲ್ಲಿ ಜನರ ಠೇವಣಿ ಪಡೆದು ಮನೆ ಸಾಲ ಕೊಡುವ ಸಾವಿರಾರು ಸಂಸ್ಥೆಗಳಿದ್ದವು. ಸೇವಿಂಗ್ಸ್ ಅಂಡ್ ಲೋನ್ ಎಂದು ಕರೆಯುತ್ತಿದ್ದರು. ಹಳೆಯ ಕಡಿಮೆ ಬಡ್ಡಿಗೆ ದೀರ್ಘಕಾಲದ ಸಾಲ ಕೊಟ್ಟು ಕೂತಿದ್ದ ಇವು, 1980ರ ಆಸುಪಾಸಿನಲ್ಲಿ ಬಡ್ಡಿದರ ಮೇಲಕ್ಕೆ ಹಾರಿದಾಗ ಠೇವಣಿಗೆ ಹೆಚ್ಚು ಬಡ್ಡಿ ಕೊಡಬೇಕಾಗಿ ಒಳಗೊಳಗೇ ಟೊಳ್ಳಾದವು. ಮುಚ್ಚಿಸುವ ಬದಲು ಸರ್ಕಾರ ನಿಯಮ ಸಡಿಲಿಸಿತು. ಕಳೆದುಕೊಂಡದ್ದನ್ನು ಮತ್ತೆ ಗಳಿಸಲು ಎಷ್ಟೋ ಸಂಸ್ಥೆಗಳು ಇನ್ನೂ ದೊಡ್ಡ ಜೂಜಿಗೆ ಇಳಿದವು. 1986ರಿಂದ 1995ರ ನಡುವೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಳುಗಿದವು. ತೆರಿಗೆದಾರರ ತಲೆಗೆ ಬಂದದ್ದು ಸುಮಾರು 12,400 ಕೋಟಿ ಡಾಲರ್.

ಈ ಕತೆಯ ನಡುವೆಯೇ, 1988ರಲ್ಲಿ, ಅಧ್ಯಕ್ಷ ಚುನಾವಣೆ ನಡೆಯಿತು. ತಿಂಗಳುಗಟ್ಟಲೆ ಪ್ರಚಾರ, ಟಿವಿ ಚರ್ಚೆ, ಜಾಹೀರಾತು ಎಲ್ಲ ಆಯಿತು. ಶಾಲೆಯಲ್ಲಿ ಮಕ್ಕಳು ರಾಷ್ಟ್ರಧ್ವಜಕ್ಕೆ ಪ್ರತಿಜ್ಞೆ ಹೇಳಬೇಕೋ ಬೇಡವೋ ಎಂಬ ಬಗ್ಗೆ ಬೇಕಾದಷ್ಟು ಮಾತು ನಡೆಯಿತು. ಈ ಸಂಸ್ಥೆಗಳ ಬಗ್ಗೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಚುನಾವಣೆ ಗೆದ್ದ ಜಾರ್ಜ್ ಬುಷ್ ಅಧಿಕಾರ ವಹಿಸಿಕೊಂಡ ಮೂರು ವಾರದೊಳಗೆ, 1989ರ ಫೆಬ್ರವರಿಯಲ್ಲಿ, ಪರಿಹಾರ ಯೋಜನೆ ಪ್ರಕಟಿಸಿದರು. ಅಂದರೆ ಕಾಯಿಲೆ ಎಷ್ಟು ಗಂಭೀರ ಎಂಬುದು ಬಲ್ಲವರಿಗೆ ಮೊದಲೇ ಗೊತ್ತಿತ್ತು, ಮತದಾರರ ಮುಂದೆ ಮಾತ್ರ ಬರಲಿಲ್ಲ.

ಇನ್ನು ಬ್ರಿಟನ್. 2007ರ ಸೆಪ್ಟೆಂಬರ್ 13ರ ಸಂಜೆ, ನಾರ್ದರ್ನ್ ರಾಕ್ ಎಂಬ ಬ್ಯಾಂಕು ತುರ್ತು ನೆರವಿಗಾಗಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಾಗಿಲು ತಟ್ಟಿದೆ ಎಂದು ಬಿಬಿಸಿ ವರದಿ ಮಾಡಿತು. ಮರುದಿನ ಬೆಳಿಗ್ಗೆ ಶಾಖೆಗಳ ಮುಂದೆ ಸರತಿ ಸಾಲು. ಟಿವಿಯಲ್ಲಿ ಸಾಲು ಕಂಡವರು ಇನ್ನೊಂದು ಸಾಲು ಕಟ್ಟಿದರು. 17ರ ಹೊತ್ತಿಗೆ ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್ ಠೇವಣಿಗಳಿಗೆ ಸರ್ಕಾರದ ಖಾತರಿ ಘೋಷಿಸಬೇಕಾಯಿತು. ಸುದ್ದಿಯಿಂದ ಸರ್ಕಾರದ ನಿರ್ಧಾರಕ್ಕೆ ನಾಲ್ಕೇ ದಿನ.

ಒಂದೆಡೆ ಹತ್ತು ವರ್ಷ ಎಳೆದ ರೋಗ, ಇನ್ನೊಂದೆಡೆ ನಾಲ್ಕು ದಿನದಲ್ಲಿ ಚಿಕಿತ್ಸೆ. ಏಕೆ? ಅಮೆರಿಕದಲ್ಲಿ 1 ಲಕ್ಷ ಡಾಲರ್‌ವರೆಗಿನ ಠೇವಣಿಗೆ ಸರ್ಕಾರಿ ವಿಮೆ ಇತ್ತು. ಹಣ ಇಟ್ಟವರಿಗೆ ಭಯವಿಲ್ಲ, ಆದ್ದರಿಂದ ಸಾಲಿಲ್ಲ. ಸಾಲಿಲ್ಲ, ಆದ್ದರಿಂದ ಚಿತ್ರವಿಲ್ಲ. ಬ್ರಿಟನ್ನಿನಲ್ಲಿ ಆಗ ಪೂರ್ತಿ ರಕ್ಷಣೆ ಇದ್ದದ್ದು ಮೊದಲ 2,000 ಪೌಂಡಿಗೆ ಮಾತ್ರ, ಅದರ ಮೇಲಿನ 33,000ಕ್ಕೆ ಶೇ 90. ಜನ ಓಡಿದ್ದರಲ್ಲಿ ಮೂರ್ಖತನವೇನೂ ಇರಲಿಲ್ಲ. ಮಾಧ್ಯಮಕ್ಕೆ ಒಂದೆಡೆ ಕ್ಯಾಮೆರಾಕ್ಕೆ ಸಿಗುವ ದೃಶ್ಯ, ಇನ್ನೊಂದೆಡೆ ಲೆಕ್ಕಪತ್ರಗಳ ಕಂತೆ. ರಾಜಕಾರಣಿಗಳ ವಿಷಯ ಇನ್ನೂ ಸ್ವಾರಸ್ಯಕರ. 1988ರಲ್ಲಿ ಬುಷ್ ಹಾಲಿ ಉಪಾಧ್ಯಕ್ಷ, ಹಾಗಾಗಿ ಅವರಿಗೆ ಬಾಯಿಬಿಡುವಂತಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲೂ ಈ ಸಂಸ್ಥೆಗಳ ಪರವಾಗಿ ನಿಯಂತ್ರಕರ ಮೇಲೆ ಒತ್ತಡ ಹಾಕಿದ ಹಿರಿತಲೆಗಳಿದ್ದವು. ಪ್ರತಿನಿಧಿ ಸಭೆಯ ಸ್ಪೀಕರ್ ಜಿಮ್ ರೈಟ್ ಅವರಲ್ಲೊಬ್ಬರು. ಇಬ್ಬರ ಕೈಯೂ ಕೆಸರಾದಾಗ ಕೆಸರಿನ ಮಾತು ಯಾರೂ ಎತ್ತುವುದಿಲ್ಲ. ಜಗಳವಿಲ್ಲದ ಕಡೆ ವರದಿಗಾರನಿಗೆ ಕೆಲಸವೂ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆರ್ಥಿಕ ಸಮಸ್ಯೆಯ ಗಾತ್ರಕ್ಕೂ ಅದಕ್ಕೆ ಸಿಗುವ ಗಮನಕ್ಕೂ ನೇರ ಸಂಬಂಧವಿಲ್ಲ. ಮಾಧ್ಯಮ, ರಾಜಕಾರಣಿ, ಜನ ಈ ಮೂವರೂ ಉಳಿದಿಬ್ಬರ ಮುಖ ನೋಡುತ್ತಾ ನಿಂತಿರುತ್ತಾರೆ. ಮೂವರಲ್ಲಿ ಒಬ್ಬರಿಗಾದರೂ ಹಿಡಿದುಕೊಳ್ಳಲು ಏನೋ ಸಿಗಬೇಕು. ಒಂದು ದೃಶ್ಯವೋ, ಒಂದು ಅಂಕಿಯೋ, ಒಬ್ಬ ಎದುರಾಳಿಯೋ, ಒಂದು ತಾರೀಖೋ. ಅದು ಸಿಗದ ಸಮಸ್ಯೆ ಎಷ್ಟೇ ದೊಡ್ಡದಾಗಿದ್ದರೂ ಬದಿಗೆ ಸರಿಯುತ್ತದೆ.

"ಎಲ್ಲವೂ ಮಾಧ್ಯಮದ ಆಟ" ಎಂಬ ಮಾತು ನಾವು ದಿನಾ ಕೇಳುವಂಥದ್ದು. ಅದರಲ್ಲಿ ಅರ್ಧ ಸತ್ಯವಿದೆ. ಯಾವ ಅರ್ಧ ಎಂಬುದು ಮುಖ್ಯ. 1968ರ ಅಮೆರಿಕ ಚುನಾವಣೆಯ ವೇಳೆ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಅಧ್ಯಾಪಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ ಇನ್ನೂ ಮನಸ್ಸು ಗಟ್ಟಿ ಮಾಡದ 100 ಮತದಾರರನ್ನು ಮಾತಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳಿ, ಅವರು ಕೊಟ್ಟ ಪಟ್ಟಿಯನ್ನು ಪತ್ರಿಕೆ–ಟಿವಿಗಳು ಒತ್ತು ಕೊಟ್ಟ ವಿಷಯಗಳ ಪಟ್ಟಿಯ ಪಕ್ಕದಲ್ಲಿಟ್ಟರು. ಎರಡೂ ಬಹುತೇಕ ಒಂದೇ. 1972ರಲ್ಲಿ ಪ್ರಕಟವಾದ ಆ ಲೇಖನದಿಂದ ಒಂದು ಅಧ್ಯಯನ ಶಾಖೆಯೇ ಹುಟ್ಟಿತು. ಆದರೆ ಇಂಥ ಹೋಲಿಕೆಯಲ್ಲಿ ಒಂದು ತೊಡಕಿದೆ. ಪತ್ರಿಕೆ ಜನರನ್ನು ಹಿಂಬಾಲಿಸಿತೋ, ಜನ ಪತ್ರಿಕೆಯನ್ನೋ? ಪಟ್ಟಿ ನೋಡಿದರೆ ತಿಳಿಯುವುದಿಲ್ಲ.

ಅದಕ್ಕೆ ಉತ್ತರ ಹುಡುಕಲು ಹೊರಟವರು ಶಾಂತೊ ಅಯ್ಯಂಗಾರ್, ಮಾರ್ಕ್ ಪೀಟರ್ಸ್, ಡೊನಾಲ್ಡ್ ಕಿಂಡರ್. ಅವರು ಸಂಜೆಯ ಟಿವಿ ವಾರ್ತೆಯನ್ನೇ ತಿದ್ದಿದರು. ಒಂದು ಗುಂಪಿಗೆ ದೇಶದ ರಕ್ಷಣೆಯ ಸುದ್ದಿ ಹೆಚ್ಚು, ಇನ್ನೊಂದಕ್ಕೆ ಮಾಲಿನ್ಯದ್ದು, ಮತ್ತೊಂದಕ್ಕೆ ಹಣದುಬ್ಬರದ್ದು. ಸುಮಾರು ಒಂದು ವಾರ ತೋರಿಸಿ ಆಮೇಲೆ ಪ್ರಶ್ನೆ ಕೇಳಿದರು. ರಕ್ಷಣೆ ನೋಡಿದವರಿಗೆ ರಕ್ಷಣೆ ದೊಡ್ಡದಾಗಿತ್ತು, ಮಾಲಿನ್ಯ ನೋಡಿದವರಿಗೆ ಮಾಲಿನ್ಯ. ಮಾಧ್ಯಮ ಜನರನ್ನು ಎಳೆಯಬಲ್ಲದು ಎಂಬುದು ಹೀಗೆ ಖಚಿತವಾಯಿತು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಆ ಪ್ರಯೋಗದಲ್ಲಿ ಫಲಿಸದ ಭಾಗ. ಹಣದುಬ್ಬರದ ಸುದ್ದಿ ಎಷ್ಟು ತೋರಿಸಿದರೂ ಹೆಚ್ಚಿನ ಪರಿಣಾಮ ಕಾಣಲಿಲ್ಲ. ಏಕೆಂದರೆ ಅದು 1980ರ ದಶಕದ ಆರಂಭ. ಹಣದುಬ್ಬರ ಜನರ ಪಟ್ಟಿಯಲ್ಲಿ ಮೊದಲೇ ತುಟ್ಟತುದಿಯಲ್ಲಿತ್ತು. ಅದನ್ನು ಹೇಳಲು ಟಿವಿ ಬೇಕಾಗಿರಲಿಲ್ಲ.

ಆರ್ಥಿಕ ವಿಷಯಗಳಿಗೆ ಬಂದಾಗ ಈ ಗೆರೆ ಬಹಳ ಮುಖ್ಯ. ಹೆರಾಲ್ಡ್ ಜುಕರ್ ಎಂಬ ಸಂಶೋಧಕರು 1978ರಲ್ಲೇ ಇದನ್ನು ಗುರುತಿಸಿದ್ದರು. ಕೆಲವು ಸಮಸ್ಯೆಗಳು ತಾವಾಗಿಯೇ ಮನೆಯೊಳಗೆ ಬರುತ್ತವೆ. ಬೆಲೆ ಹಾಗೆ, ಕೆಲಸ ಕಳೆದುಕೊಳ್ಳುವುದು ಹಾಗೆ. ಇನ್ನು ಕೆಲವನ್ನು ಯಾರಾದರೂ ಹೇಳದೆ ನಾವು ನೋಡುವುದೇ ಸಾಧ್ಯವಿಲ್ಲ. ವಿತ್ತೀಯ ಕೊರತೆಯನ್ನು, ಅಂದರೆ ಸರ್ಕಾರದ ಖರ್ಚು ಆದಾಯವನ್ನು ಮೀರಿದ ಮೊತ್ತವನ್ನು, ಯಾರೂ ರಸ್ತೆಯಲ್ಲಿ ಕಂಡಿಲ್ಲ. ವಿದೇಶಿ ವ್ಯಾಪಾರದ ಬಾಕಿ, ಬ್ಯಾಂಕುಗಳ ಕೆಟ್ಟ ಸಾಲ, ಪಿಂಚಣಿ ನಿಧಿಯ ಭವಿಷ್ಯ ಎಲ್ಲ ಈ ಎರಡನೇ ಜಾತಿ. ಮೊದಲನೇ ಜಾತಿಯಲ್ಲಿ ಜನರೇ ವರದಿಗಾರರು. ಎರಡನೆಯದರಲ್ಲಿ ಮಾಧ್ಯಮ ಮತ್ತು ರಾಜಕಾರಣಿ ಹೇಳಿದ್ದೇ ನಮಗಿರುವ ಏಕೈಕ ಕಿಟಕಿ.

ಮೊದಲನೇ ಜಾತಿಯಲ್ಲಿ ಸರ್ಕಾರದ ಕೈ ಎಷ್ಟು ಮೊಂಡು ಎಂಬುದಕ್ಕೆ ಅರ್ಜೆಂಟೀನಾದ ಉದಾಹರಣೆ ಸಾಕು. 2007ರ ಆರಂಭದಲ್ಲಿ ಅಲ್ಲಿನ ಸರ್ಕಾರ, ಅಂಕಿಅಂಶ ಸಂಸ್ಥೆಯಲ್ಲಿ ಬೆಲೆ ಸೂಚ್ಯಂಕ ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನು ಬದಲಿಸಿತು. ಅಲ್ಲಿಂದಾಚೆ ಅಧಿಕೃತ ಹಣದುಬ್ಬರ ಹೆಚ್ಚಾಗಿ ಶೇ 10ರ ಆಸುಪಾಸಿನಲ್ಲೇ ಸುಳಿಯಿತು; ಖಾಸಗಿ ಅಂದಾಜು ಅದರ ದುಪ್ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 2011ರಲ್ಲಿ, ಬೇರೆ ಅಂಕಿ ಪ್ರಕಟಿಸಿದ ಖಾಸಗಿ ಸಲಹಾ ಸಂಸ್ಥೆಗಳಿಗೆ ದಂಡ ಬಿತ್ತು. ಆಗ ವಿರೋಧ ಪಕ್ಷದ ಸಂಸದರು ಆ ಸಂಸ್ಥೆಗಳ ಲೆಕ್ಕಗಳ ಸರಾಸರಿ ತೆಗೆದು, ತಮ್ಮ ಹೆಸರಿನಲ್ಲಿ ತಿಂಗಳಿಗೊಮ್ಮೆ ಪ್ರಕಟಿಸತೊಡಗಿದರು. ಸಂಸದರಿಗೆ ದಂಡ ಹಾಕುವಂತಿರಲಿಲ್ಲ! ಜನ ಅದನ್ನೇ ಸಂಸತ್ತಿನ ಸೂಚ್ಯಂಕ ಎಂದು ನಂಬಿ ನಡೆದರು. 2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ದೇಶದ ಅಂಕಿಗಳ ಬಗ್ಗೆ ಅಧಿಕೃತವಾಗಿ ಛೀಮಾರಿ ಹಾಕಿತು. ಸರ್ಕಾರ ಸಂಖ್ಯೆಯನ್ನು ತಿದ್ದಿತು. ಅಂಗಡಿಯಿಂದ ವಾಪಸ್ ಬಂದವರ ನೆನಪನ್ನು ತಿದ್ದಲಾಗಲಿಲ್ಲ.

ಬೆಲೆಗೆ ಈ ಬಲ ಎಲ್ಲಿಂದ ಬರುತ್ತದೆ? ನಿರುದ್ಯೋಗ ಶೇ 5ರಿಂದ ಶೇ 8ಕ್ಕೆ ಏರಿತು ಎನ್ನಿ. ದುಡಿಯುವ ನೂರು ಮಂದಿಯಲ್ಲಿ ಮೂವರಿಗೆ ಅದು ಬದುಕೇ ಕುಸಿದಂತೆ. ಉಳಿದವರಲ್ಲಿ ಹೆಚ್ಚಿನವರು ಪತ್ರಿಕೆಯಲ್ಲಿ ಓದುತ್ತಾರೆ. ಬೆಲೆ ಶೇ 3ರಷ್ಟು ಏರಿದರೆ ಯಾರ ಬದುಕೂ ಕುಸಿಯದಿರಬಹುದು, ಆದರೆ ನೂರಕ್ಕೆ ನೂರು ಮಂದಿಗೂ ಗೊತ್ತಾಗುತ್ತದೆ. ನೋವಿನ ಆಳಕ್ಕೂ ಗಮನದ ಅಗಲಕ್ಕೂ ಇರುವ ಈ ಅಂತರವನ್ನು ಓಟು ಕೇಳುವವರು ಚೆನ್ನಾಗಿ ಬಲ್ಲರು. ಪದೇ ಪದೇ ಕೊಳ್ಳುವ ವಸ್ತುಗಳ ಬೆಲೆ ತಲೆಯಲ್ಲಿ ಕೂರುತ್ತದೆ ಎಂಬುದನ್ನೂ ಅಧ್ಯಯನಗಳು ತೋರಿಸಿವೆ. ಮನೆಗೆ ದಿನಸಿ ತರುವವರು, ತರದವರಿಗಿಂತ ಹೆಚ್ಚಿನ ಹಣದುಬ್ಬರ ನಿರೀಕ್ಷಿಸುತ್ತಾರೆ. ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಹೆಂಗಸರ ನಿರೀಕ್ಷೆ ಗಂಡಸರಿಗಿಂತ ಮೇಲಿರುವುದಕ್ಕೆ ಇದೂ ಒಂದು ಕಾರಣ. ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯದು ಎಂದು ಅದನ್ನು ವ್ಯಾಖ್ಯಾನಿಸುವವರು ಸಂತೆಗೆ ಹೋಗದ ಗಂಡಸರೇ ಇರಬೇಕು.

ಇಲ್ಲಿ ಒಂದು ತಿರುವಿದೆ. ಜನ ತಮ್ಮ ಜೇಬು ನೋಡಿ ಮತ ಹಾಕುತ್ತಾರೆ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. 1970ರ ದಶಕದ ಕೊನೆಯಲ್ಲಿ ಕಿಂಡರ್ ಮತ್ತು ರೊಡೆರಿಕ್ ಕಿವೀಟ್ ಅಮೆರಿಕದ ಸಮೀಕ್ಷೆಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದು ಬೇರೆ. ಸ್ವಂತ ಸ್ಥಿತಿಗಿಂತ "ದೇಶದ ಆರ್ಥಿಕತೆ ಹೇಗಿದೆ" ಎಂಬ ಅಭಿಪ್ರಾಯಕ್ಕೆ ಮತದ ಮೇಲೆ ಹೆಚ್ಚು ಹಿಡಿತವಿತ್ತು. ಸ್ವಂತ ಸ್ಥಿತಿ ನನಗೆ ಗೊತ್ತು. ದೇಶದ ಸ್ಥಿತಿ ನನಗೆ ಗೊತ್ತಾಗುವುದು ಎಲ್ಲಿಂದ? ಬಾಗಿಲಿನಿಂದ ಹೊರಗೆ ಕಳಿಸಿದ ಮಾಧ್ಯಮ ಕಿಟಕಿಯಿಂದ ಒಳಗೆ ಬಂತು.

1992 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಹಿಂದಿನ ವರ್ಷದ ಕೊಲ್ಲಿ ಯುದ್ಧದ ನಂತರ ಬುಷ್ ಅವರ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89 ಮುಟ್ಟಿತ್ತು. 1990ರ ಜುಲೈನಲ್ಲಿ ಶುರುವಾದ ಆರ್ಥಿಕ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ಮುಗಿದದ್ದು ಮಾರ್ಚ್‌ನಲ್ಲಿ ಎಂದು ಅದನ್ನು ನಿರ್ಧರಿಸುವ ಸಂಸ್ಥೆ ಘೋಷಿಸಿದ್ದು 1992ರ ಡಿಸೆಂಬರ್ 22ರಂದು. ಅಷ್ಟು ಹೊತ್ತಿಗೆ ಚುನಾವಣೆ ಮುಗಿದು, ಬುಷ್ ಸೋತು ಏಳು ವಾರವಾಗಿತ್ತು. ಆ ವರ್ಷ ಸುದ್ದಿ ಹೆಚ್ಚು ನೋಡಿದ, ಓದಿದ ಮತದಾರರೇ ಆರ್ಥಿಕತೆಯನ್ನು ಇದ್ದದ್ದಕ್ಕಿಂತ ಕೆಟ್ಟದಾಗಿ ಅಳೆದರು ಎಂದು ಮಾರ್ಕ್ ಹೆದರಿಂಗ್ಟನ್ 1996ರಲ್ಲಿ ತೋರಿಸಿದರು. ಹಾಗೆಂದು ಜನ ಮೋಸ ಹೋದರು ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಹಿಂಜರಿತ ಮುಗಿದ ಮೇಲೂ ನಿರುದ್ಯೋಗ ಏರುತ್ತಲೇ ಇತ್ತು, 1992ರ ಜೂನ್‌ನಲ್ಲಿ ಶೇ 7.8ಕ್ಕೆ ತಲುಪಿತ್ತು. ಉತ್ಪಾದನೆಯ ಅಂಕಿ ಮೇಲೆ, ಕೆಲಸದ ಅಂಕಿ ಕೆಳಗೆ. ಮಾಧ್ಯಮ ಆರಿಸಿಕೊಂಡದ್ದು ಎರಡನೆಯದನ್ನು. ಬುಷ್ ಎದುರಾಳಿ ಕ್ಲಿಂಟನ್ ಪಾಳಯವೂ ಅದನ್ನೇ ಬಯಸಿತ್ತು. ಅವರ ಪ್ರಚಾರ ಕಚೇರಿಯ ಗೋಡೆಯ ಮೇಲೆ, ಆರ್ಥಿಕತೆಯನ್ನು ಮರೆಯಬೇಡಿ ಎಂದು ಕಾರ್ಯಕರ್ತರಿಗೆ ನೆನಪಿಸುವ ಸಾಲೊಂದನ್ನೂ ಬರೆದು ಹಾಕಿದ್ದರು.

ಸುದ್ದಿ ಕೆಟ್ಟದರ ಕಡೆಗೇ ವಾಲುತ್ತದೆ ಎಂಬುದು ಹಳೆಯ ದೂರು. ಸ್ಟುವರ್ಟ್ ಸೊರೋಕಾ ಬ್ರಿಟನ್ನಿನ ಅಂಕಿಗಳನ್ನು ಮುಂದಿಟ್ಟು 2006ರಲ್ಲಿ ಇದನ್ನು ಅಳೆದರು. ಆರ್ಥಿಕತೆ ಅಷ್ಟೇ ಪ್ರಮಾಣದಲ್ಲಿ ಸುಧಾರಿಸಿದಾಗ ಬರುವ ಸುದ್ದಿಗಿಂತ ಹದಗೆಟ್ಟಾಗ ಬರುವ ಸುದ್ದಿ ಹೆಚ್ಚು. ಜನರ ಪ್ರತಿಕ್ರಿಯೆಯೂ ಕೆಟ್ಟದಕ್ಕೇ ಹೆಚ್ಚು. ಸಂಪಾದಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಓದುಗರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಈಗ ರಾಜಕಾರಣಿಗಳು. ಅವರು ಗಮನವನ್ನು ಎತ್ತಬಲ್ಲರು, ತಿರುಗಿಸಬಲ್ಲರು, ಹೂಳಬಲ್ಲರು.

ಎತ್ತಿದ್ದಕ್ಕೆ ರಾಸ್ ಪೆರೊ. ಅದೇ 1992ರಲ್ಲಿ ಎರಡೂ ಪಕ್ಷಕ್ಕೆ ಸೇರದೆ ನಿಂತ ಈ ಕೋಟ್ಯಧೀಶ, ಅಕ್ಟೋಬರ್ 6ರಂದು ಟಿವಿಯಲ್ಲಿ ಅರ್ಧ ಗಂಟೆ ಕಾಲ ಕೊಂಡುಕೊಂಡು, ಕೈಯಲ್ಲೊಂದು ಕಡ್ಡಿ ಹಿಡಿದು, ರಟ್ಟಿನ ನಕ್ಷೆಗಳನ್ನು ಒಂದೊಂದಾಗಿ ತೋರಿಸುತ್ತಾ ದೇಶದ ಸಾಲದ ಪಾಠ ಮಾಡಿದರು. ಒಂದೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ವಿತ್ತೀಯ ಕೊರತೆಯ ಪಾಠಕ್ಕೆ! ಪೆರೊಗೆ ಸುಮಾರು ಶೇ 19 ಮತ ಬಂತು, ಒಂದು ರಾಜ್ಯವೂ ದಕ್ಕಲಿಲ್ಲ. ಆದರೆ ಗೆದ್ದ ಕ್ಲಿಂಟನ್ ಆ ಶೇ 19ನ್ನು ಮರೆಯುವಂತಿರಲಿಲ್ಲ. 1993ರ ಬಜೆಟ್ಟಿನಲ್ಲಿ ಕೊರತೆ ಇಳಿಸುವುದೇ ಮುಖ್ಯ ವಿಷಯವಾಯಿತು. ಕಣ್ಣಿಗೆ ಕಾಣದ ವಿಷಯವನ್ನು ಒಬ್ಬ ವ್ಯಕ್ತಿ ಕಾಣಿಸಿದ ಇಂಥ ಉದಾಹರಣೆಗಳು ಕಡಿಮೆ.

ಅಂಕಿಯ ಮೇಲೆ ನಡೆದ ಹಳೆಯ ಜಗಳವೊಂದನ್ನೂ ಇಲ್ಲೇ ಹೇಳಬೇಕು. 1930ರ ಜನವರಿ, ಮಹಾ ಕುಸಿತದ ಮೊದಲ ಚಳಿಗಾಲ. ಉದ್ಯೋಗ ಚೇತರಿಸಿಕೊಳ್ಳುತ್ತಿದೆ ಎಂದು ಅಧ್ಯಕ್ಷ ಹೂವರ್ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯುಕ್ತೆ ಫ್ರಾನ್ಸಿಸ್ ಪರ್ಕಿನ್ಸ್ ತಮ್ಮಲ್ಲಿದ್ದ ಅಂಕಿಗಳನ್ನು ತೆಗೆಸಿ ನೋಡಿದರು. ಉಲ್ಟಾ ಇತ್ತು. ಅಧ್ಯಕ್ಷರ ಮಾತು ತಪ್ಪು ಎಂದು ಪತ್ರಕರ್ತರಿಗೆ ಬಹಿರಂಗವಾಗಿ ಹೇಳಿದರು. ದೇಶದಲ್ಲಿ ಎಷ್ಟು ಮಂದಿಗೆ ಕೆಲಸವಿಲ್ಲ ಎಂದು ತಿಂಗಳು ತಿಂಗಳು ಎಣಿಸುವ ವ್ಯವಸ್ಥೆಯೇ ಆಗ ಇರಲಿಲ್ಲ; ಅದು ಬಂದದ್ದು 1940ರಲ್ಲಿ. ಎಣಿಕೆ ಇಲ್ಲದ ಕಡೆ ಆಡಳಿತ ನಡೆಸುವವರು ಹೇಳಿದ್ದೇ ಎಣಿಕೆ. ಪರ್ಕಿನ್ಸ್ ಕೈಯಲ್ಲಿ ಬೇರೊಂದು ಲೆಕ್ಕ ಇದ್ದದ್ದರಿಂದ ಜಗಳ ಸಾಧ್ಯವಾಯಿತು, ಜಗಳವಾದದ್ದರಿಂದ ಸುದ್ದಿಯಾಯಿತು. 1933ರಲ್ಲಿ ರೂಸ್‌ವೆಲ್ಟ್ ಸಂಪುಟದಲ್ಲಿ ಅವರು ಕಾರ್ಮಿಕ ಸಚಿವೆಯಾದರು.

ತಿರುಗಿಸಲು ಹೋಗಿ ಮುಗ್ಗರಿಸಿದವರು ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್. 1974ರ ಅಕ್ಟೋಬರ್ 8ರಂದು ಸಂಸತ್ತಿನ ಮುಂದೆ ಹಣದುಬ್ಬರದ ವಿರುದ್ಧ ಸಮರ ಸಾರಿ, ಕೋಟಿಗೆ ಸಿಕ್ಕಿಸಿದ ಬಿಲ್ಲೆಯೊಂದನ್ನು ತೋರಿಸಿದರು. ಜನ ಖರ್ಚು ತಗ್ಗಿಸಬೇಕು, ಮಿತವ್ಯಯ ಮಾಡಬೇಕು ಎಂದು ಕರೆ. ಆದರೆ ದೇಶ ಆಗಲೇ ಹಿಂಜರಿತದೊಳಗಿತ್ತು. ಕಾರ್ಖಾನೆಗಳು ಕೆಲಸಗಾರರನ್ನು ಮನೆಗೆ ಕಳಿಸುತ್ತಿರುವಾಗ ಅಧ್ಯಕ್ಷರು ಖರ್ಚು ಮಾಡಬೇಡಿ ಎನ್ನುತ್ತಿದ್ದರು. 1975ರ ಜನವರಿಯಲ್ಲಿ ಅದೇ ಫೋರ್ಡ್ ತೆರಿಗೆ ಕಡಿತ ಪ್ರಕಟಿಸಿದರು. ಮೇ ಹೊತ್ತಿಗೆ ನಿರುದ್ಯೋಗ ಶೇ 9. ಬಿಲ್ಲೆಗಳು ನಗೆಪಾಟಲಾದವು. ಬೆಲೆಯ ಕಡೆ ಎಲ್ಲರ ಕಣ್ಣಿದ್ದಾಗ ಕೆಲಸದ ಕಡೆಯಿಂದ ಬಂದ ಪೆಟ್ಟು ಅದು.

ಹೂಳುವ ಕಲೆಗೆ ಒಂದು ಲಿಖಿತ ಸಾಕ್ಷ್ಯವೇ ಇದೆ. 2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕಿನ ಗೋಪುರಗಳಿಂದ ಹೊಗೆ ಏಳುತ್ತಿರುವಾಗಲೇ, ಬ್ರಿಟನ್ನಿನ ಸಚಿವರೊಬ್ಬರ ವಿಶೇಷ ಸಲಹೆಗಾರರು ಕಚೇರಿಗೆ ಇಮೇಲ್ ಕಳಿಸಿದರು. ನಾವು ಹೂತುಹಾಕಬೇಕೆಂದಿರುವುದನ್ನೆಲ್ಲ ಹೊರಬಿಡಲು ಇವತ್ತು ಒಳ್ಳೆಯ ದಿನ ಎಂಬರ್ಥದ ಮಾತು, ಜೊತೆಗೊಂದು ಉದಾಹರಣೆ: ಸ್ಥಳೀಯ ಸಂಸ್ಥೆಗಳ ಸದಸ್ಯರ ಭತ್ಯೆಯ ವಿಚಾರ. ಇಮೇಲ್ ಸೋರಿಕೆಯಾಗಿ ದೊಡ್ಡ ರಂಪವಾಯಿತು. ಬಾಯಿ ಬಿಟ್ಟು ಬರೆದದ್ದಕ್ಕೆ ಸಿಕ್ಕಿಬಿದ್ದರು ಅಷ್ಟೆ. ಬರೆಯದೆ ಮಾಡುವವರು ಎಲ್ಲ ರಾಜಧಾನಿಗಳಲ್ಲೂ ಇದ್ದಾರೆ. ಶುಕ್ರವಾರ ಸಂಜೆ ಹೊರಬೀಳುವ ವರದಿಗಳನ್ನು ಗಮನಿಸುತ್ತಾ ಬನ್ನಿ.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ಷೇರು ಸೂಚ್ಯಂಕ ದಿನವಿಡೀ ಕದಲುತ್ತದೆ, ಹಸಿರು ಕೆಂಪು ಬಾಣದ ಗುರುತಿನೊಡನೆ. ಸುದ್ದಿವಾಹಿನಿಗೆ ಇದಕ್ಕಿಂತ ಅಗ್ಗದ ಸಾಮಗ್ರಿ ಬೇರಿಲ್ಲ. ಕೂಲಿಯ ಅಂಕಿ ತಿಂಗಳುಗಳ ನಂತರ ಬರುತ್ತದೆ, ಸಂಪತ್ತಿನ ಹಂಚಿಕೆಯ ಅಂಕಿ ವರ್ಷಗಳ ನಂತರ. ಹಾಗಾಗಿ ಷೇರು ಇಲ್ಲದ ಮನೆಯಲ್ಲೂ ಸೂಚ್ಯಂಕ ಏರಿದ ದಿನ ಆರ್ಥಿಕತೆ ಚೆನ್ನಾಗಿದೆ ಎಂಬ ಭಾವನೆ. 2008ರ ಬಿಕ್ಕಟ್ಟಿಗೆ ಮುಂಚೆ ಮಾಧ್ಯಮ ಷೇರುಪೇಟೆಯನ್ನೇ ನೋಡುತ್ತಿತ್ತು, ಸಾಲದ ಪೇಟೆಯನ್ನು ನೋಡಲಿಲ್ಲ ಎಂಬುದು ಫೈನಾನ್ಶಿಯಲ್ ಟೈಮ್ಸ್‌ನ ಜಿಲಿಯನ್ ಟೆಟ್ ಹೇಳುತ್ತಾ ಬಂದ ಮಾತು. ಸಾಲದ ಪೇಟೆಯಲ್ಲಿ ಎಲ್ಲರೂ ಬಲ್ಲ ದಿನದ ಸೂಚ್ಯಂಕವಿಲ್ಲ, ಮುಖಗಳಿಲ್ಲ, ಭಾಷೆಯೂ ಕಬ್ಬಿಣದ ಕಡಲೆ. ಬಿಕ್ಕಟ್ಟು ಹುಟ್ಟಿದ್ದು ಅಲ್ಲೇ.

ದುಂಡಗಿನ ಅಂಕಿಗೆ ಕಾಲು ಬರುತ್ತದೆ ಎಂಬುದಕ್ಕೂ ಒಂದು ಕತೆ. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದರು. ಖರ್ಚು ಕಡಿತದ ಪರ ಇದ್ದ ರಾಜಕಾರಣಿಗಳಿಗೆ ಶೇ 90 ಮಂತ್ರವಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಅದೇ ಲೆಕ್ಕ ಮತ್ತೆ ಮಾಡಲು ಹೋದರು. ಎಕ್ಸೆಲ್ ಹಾಳೆಯಲ್ಲಿ ಐದು ದೇಶಗಳ ಸಾಲುಗಳೇ ಸರಾಸರಿಯಿಂದ ಬಿಟ್ಟುಹೋಗಿದ್ದವು. ಅದನ್ನೂ ಲೆಕ್ಕದ ವಿಧಾನದಲ್ಲಿದ್ದ ಇತರ ದೋಷಗಳನ್ನೂ ಸರಿಪಡಿಸಿ ಅವರು ಮತ್ತು ಅವರ ಅಧ್ಯಾಪಕರು ಹೇಳಿದ್ದು: ಮೈನಸ್ 0.1 ಎಂದಿದ್ದ ಸರಾಸರಿ ಬೆಳವಣಿಗೆ ನಿಜಕ್ಕೂ ಪ್ಲಸ್ 2.2. ಹೆಚ್ಚು ಸಾಲವಿದ್ದಾಗ ಬೆಳವಣಿಗೆ ಸ್ವಲ್ಪ ಕಡಿಮೆ ಎಂಬುದೇನೋ ಉಳಿಯಿತು, ಶೇ 90 ದಾಟಿದರೆ ಬೀಳುವ ಆ ಪ್ರಪಾತ ಉಳಿಯಲಿಲ್ಲ. ಆದರೆ ಮೂರು ವರ್ಷ ಚರ್ಚೆಯೆಲ್ಲ ಅದರ ಅಂಚಿನಲ್ಲೇ ನಡೆದಿತ್ತು, ನಿರುದ್ಯೋಗ ಬದಿಗೆ ನಿಂತಿತ್ತು.

ನಿಧಾನವಾದ ಸಂಕಟಗಳ ಪಾಡು ನೋಡಿ. ಥಾಮಸ್ ಐಸೆನ್ಸಿ ಮತ್ತು ಡೇವಿಡ್ ಸ್ಟ್ರೋಂಬರ್ಗ್ 1968ರಿಂದ 2002ರವರೆಗಿನ ಸುಮಾರು 5,000 ವಿಪತ್ತುಗಳನ್ನೂ ಅಮೆರಿಕದ ಟಿವಿ ಸುದ್ದಿಯನ್ನೂ ತಾಳೆ ನೋಡಿದರು. ಜ್ವಾಲಾಮುಖಿಗೆ ಸತ್ತ ಒಬ್ಬರಿಗೆ ಸಿಗುವಷ್ಟು ಸುದ್ದಿ ಸಿಗಬೇಕಾದರೆ ಆಹಾರದ ಕೊರತೆಯಿಂದ ಸುಮಾರು 40,000 ಮಂದಿ ಸಾಯಬೇಕು. ಒಲಿಂಪಿಕ್ಸ್ ವೇಳೆ ಆದ ವಿಪತ್ತಿಗೆ ಸುದ್ದಿಯೂ ಕಡಿಮೆ, ಅಮೆರಿಕದ ಪರಿಹಾರವೂ ಕಡಿಮೆ. ಕ್ಷಾಮದ ತಪ್ಪೇನು? ಅದು ನಿಧಾನ, ಅಷ್ಟೆ.

ಆದರೂ ಗಮನ ಬಂದಾಗ ಕೆಲಸ ಆಗುತ್ತದೆ ಎಂಬುದಕ್ಕೆ ಪುರಾವೆ ನಮ್ಮ ದೇಶದ್ದೇ ಇದೆ. 1943ರ ಬಂಗಾಳದ ಕ್ಷಾಮವನ್ನು ಅಧಿಕಾರಿಗಳು ಒಪ್ಪಿಕೊಳ್ಳದಿದ್ದಾಗ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್‌ನಲ್ಲಿ ಬೀದಿಯಲ್ಲಿ ಹಸಿವಿನಿಂದ ಬಿದ್ದವರ ಚಿತ್ರ ಅಚ್ಚು ಹಾಕಿದರು. ಅಲ್ಲಿಂದ ಸುದ್ದಿ ಲಂಡನ್ನಿಗೂ ತಟ್ಟಿತು. ಸ್ವತಂತ್ರ ಪತ್ರಿಕೆಗಳೂ ಚುನಾವಣೆಯೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲ ಎಂಬ ಅಮರ್ತ್ಯ ಸೇನ್ ಅವರ ವಾದ ನಿಮಗೆ ಗೊತ್ತು. ಅದೇ ಸೇನ್, ಜ್ಯಾನ್ ದ್ರೇಜ್ ಜೊತೆ ಸೇರಿ, ಎರಡನೇ ಮಾತನ್ನೂ ಹೇಳಿದ್ದಾರೆ: ಕ್ಷಾಮಕ್ಕೆ ಎದ್ದು ನಿಲ್ಲುವ ಪತ್ರಿಕೆಗಳು ದಿನನಿತ್ಯದ ಅಪೌಷ್ಟಿಕತೆಗೆ ಏಳುವುದಿಲ್ಲ. ಟಿಮ್ ಬೆಸ್ಲೀ, ರಾಬಿನ್ ಬರ್ಜೆಸ್ 1958ರಿಂದ 1992ರವರೆಗೆ ಭಾರತದ ರಾಜ್ಯಗಳನ್ನು ಹೋಲಿಸಿ ನೋಡಿದಾಗ, ಪತ್ರಿಕೆ ಹೆಚ್ಚು ಓದುವ ರಾಜ್ಯಗಳ ಸರ್ಕಾರಗಳು ಬೆಳೆ ನಷ್ಟ, ಪ್ರವಾಹಗಳಿಗೆ ಹೆಚ್ಚು ಸ್ಪಂದಿಸಿದ್ದವು. ಪರಿಣಾಮ ಕಂಡದ್ದು ಮುಖ್ಯವಾಗಿ ಪ್ರಾದೇಶಿಕ ಭಾಷೆಯ ಪತ್ರಿಕೆಗಳಿಂದ, ಇಂಗ್ಲಿಷಿನವುಗಳಿಂದಲ್ಲ. ಈ ಸಭೆಯಲ್ಲಿ ಇದನ್ನು ಒತ್ತಿ ಹೇಳುವುದಕ್ಕೆ ನನಗೆ ಖುಷಿ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬಂದೆ.

ಒಬ್ಬರು ಕೇಳಿದರು: ಈಗ ಫೋನೇ ಪತ್ರಿಕೆ. ಜನರೇ ಸುದ್ದಿ ಹರಡುವಾಗ ಹಳೆಯ ಈ ಲೆಕ್ಕಾಚಾರಕ್ಕೆ ಏನರ್ಥ? ಹರಡುವ ದಾರಿ ಬದಲಾಗಿದೆ, ಒಪ್ಪುತ್ತೇನೆ. ಒಂದೇ ಸಂಜೆಯ ವಾರ್ತೆಯನ್ನು ಇಡೀ ದೇಶ ನೋಡುತ್ತಿದ್ದ ಕಾಲ ಹೋಯಿತು. ಅದರಿಂದ ಆದದ್ದೇನು ಎಂದರೆ, ಒಂದೇ ಆರ್ಥಿಕತೆ ಎರಡಾಗಿ ಕಾಣತೊಡಗಿದೆ. ಅಮೆರಿಕದ ಗ್ರಾಹಕ ವಿಶ್ವಾಸ ಸಮೀಕ್ಷೆಯಲ್ಲಿ 2016, 2020, 2024ರ ಚುನಾವಣೆಗಳ ನಂತರ ನಡೆದದ್ದು ನೋಡಿ. ಗೆದ್ದ ಪಕ್ಷದವರಿಗೆ ಆರ್ಥಿಕತೆ ಇದ್ದಕ್ಕಿದ್ದಂತೆ ಚಂದ ಕಂಡಿತು, ಸೋತವರಿಗೆ ಕೆಟ್ಟಿತು. ಅಷ್ಟು ದಿನದಲ್ಲಿ ಬೆಲೆಯೂ ಕೂಲಿಯೂ ಬದಲಾಗಿರಲಿಲ್ಲ.

ಇನ್ನೊಬ್ಬರು: ಹಾಗಾದರೆ ಗಮನ ಹೆಚ್ಚಿದಷ್ಟೂ ಒಳ್ಳೆಯದೇ? ಹಾಗೇನಿಲ್ಲ. ನಾರ್ದರ್ನ್ ರಾಕ್‌ನಲ್ಲಿ ಗಮನವೇ ಬ್ಯಾಂಕನ್ನು ಇನ್ನಷ್ಟು ಕೆಡವಿತು. ಹಣದುಬ್ಬರದ ವಿಷಯದಲ್ಲಂತೂ ಕೇಂದ್ರೀಯ ಬ್ಯಾಂಕುಗಳಿಗೆ ಜನ ಮರೆತಿದ್ದರೇ ನೆಮ್ಮದಿ. ತಮ್ಮ ನಿರ್ಧಾರಗಳಲ್ಲಿ ಜನ ಬೆಲೆಯೇರಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಸ್ಥಿತಿಯೇ ಬೆಲೆ ಸ್ಥಿರತೆ ಎಂದು ಅಮೆರಿಕದ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ವ್ಯಾಖ್ಯಾನಿಸಿದ್ದರು. ಗಮನ ಬೇಕಿರುವುದು ಗಮನವಿಲ್ಲದಾಗ ಹಾಳಾಗುವ ವಿಷಯಗಳಿಗೆ, ಅಂದರೆ ಆ ಸೇವಿಂಗ್ಸ್ ಅಂಡ್ ಲೋನ್ ಜಾತಿಯವುಗಳಿಗೆ. ಅಲ್ಲಿ ನಾನು ನಂಬುವುದು ಮುಖಪುಟವನ್ನಲ್ಲ. ಯಾರು ಕೇಳಲಿ ಬಿಡಲಿ ನಿಗದಿತ ತಾರೀಖಿಗೆ ಅಂಕಿ ಹೊರಡಿಸುವ, ಸಚಿವರು ತಡೆಯಲಾಗದ ಅಂಕಿಅಂಶ ಸಂಸ್ಥೆಯನ್ನು, ಲೆಕ್ಕ ಪರಿಶೋಧಕರನ್ನು. ಪರ್ಕಿನ್ಸ್ ಕೈಗೆ ಆ ಕಾಗದ ಸಿಕ್ಕಿದ್ದು ಯಾರೋ ಗುಮಾಸ್ತರು ತಿಂಗಳು ತಿಂಗಳು ಎಣಿಸುತ್ತಿದ್ದುದರಿಂದ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ವಿದ್ಯಾರ್ಥಿನಿಯದು: "ಸರ್, ಹಣದುಬ್ಬರ ಇಳಿದಿದೆ ಎಂದು ಸರ್ಕಾರ ಹೇಳುತ್ತೆ, ಅಂಕಿನೂ ಸರಿ ಇರುತ್ತೆ. ಆದರೂ ಜನ ಯಾಕೆ ನಂಬಲ್ಲ?" ಅಮೆರಿಕದ ಅಂಕಿ ಹೇಳಿದೆ. 2022ರ ಜೂನ್‌ನಲ್ಲಿ ಅಲ್ಲಿ ಹಣದುಬ್ಬರ ಶೇ 9.1, ಒಂದು ವರ್ಷಕ್ಕೆ ಸರಿಯಾಗಿ, 2023ರ ಜೂನ್‌ನಲ್ಲಿ, ಶೇ 3. ದೊಡ್ಡ ಯಶಸ್ಸು ಎಂದು ಅರ್ಥಶಾಸ್ತ್ರಜ್ಞರು ಹಿಗ್ಗಿದರು, ಸಮೀಕ್ಷೆಗಳಲ್ಲಿ ಜನ ಮುಖ ಗಂಟಿಕ್ಕಿಕೊಂಡೇ ಇದ್ದರು. ಶೇ 3 ಎಂದರೆ ಬೆಲೆ ಇಳಿಯಿತು ಎಂದಲ್ಲವಲ್ಲ. ಏರಿದ್ದರ ಮೇಲೆ ಇನ್ನೂ ಶೇ 3 ಏರಿತು ಎಂದು. ಸರ್ಕಾರ ಹೋಲಿಸುತ್ತಿದ್ದುದು ಹೋದ ವರ್ಷದೊಡನೆ. ಕೊಳ್ಳುವವರು ಹೋಲಿಸುತ್ತಿದ್ದುದು ತಮಗೆ ನೆನಪಿರುವ ಹಳೆಯ ಬೆಲೆಯೊಡನೆ, ಅದು ಮೂರು ವರ್ಷ ಹಿಂದಿನದೂ ಇರಬಹುದು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆಕೆ ಬಿಡಲಿಲ್ಲ: "ಹಾಗಾದ್ರೆ ಪೇಪರ್‌ನವರು ಎರಡನ್ನೂ ಯಾಕೆ ಒಟ್ಟಿಗೆ ಹಾಕಲ್ಲ?" ಹಾಕಬಹುದು. ಮೂರು ವರ್ಷದ ಹೋಲಿಕೆಯನ್ನು ಪ್ರತಿ ತಿಂಗಳೂ ಒಂದು ಸಾಲಿನಲ್ಲಿ ಕೊಡಲು ಹೆಚ್ಚಿನ ಖರ್ಚೇನೂ ಇಲ್ಲ. ಅಂಕಿ ಅದೇ ಸರ್ಕಾರಿ ಕೋಷ್ಟಕದಲ್ಲೇ ಇರುತ್ತದೆ.